ಹದಿನಾರಕ್ಕೇಕೆ ಮತವಿಲ್ಲ?

1989ರ ಜನವರಿಯಲ್ಲಿ ತಮಿಳುನಾಡು ವಿಧಾನಸಭೆಗೆ ಚುನಾವಣೆ ನಡೆದಾಗ ನನಗೆ ಇಪ್ಪತ್ತು. ಅಣ್ಣಾ ನಗರದ ಮತಗಟ್ಟೆಯವರೆಗೆ ತಂದೆಯವರೊಡನೆ ಹೋಗಿ ಹೊರಗೇ ನಿಂತೆ. ಮಾರ್ಚ್ 28ರಂದು ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕಿಳಿಯಿತು. ನವೆಂಬರಿನ ಲೋಕಸಭಾ ಚುನಾವಣೆಯಲ್ಲಿ ನಾನೂ, ಹತ್ತೊಂಬತ್ತರ ತಮ್ಮನೂ ಮತ ಹಾಕಿದೆವು. ಆ ಹತ್ತು ತಿಂಗಳಲ್ಲಿ ನಮಗೆ ಹೊಸದಾಗಿ ಬುದ್ಧಿಯೇನೂ ಬಂದಿರಲಿಲ್ಲ, ಸ್ವಾಮಿ!

‘ಹುಡುಗರಿಗೇನು ತಿಳಿದೀತು’ ಎಂದು ಅಂದು ಹಿರಿಯರು ಗೊಣಗಿದ್ದನ್ನೇ ಇಂದು ನನ್ನ ಓರಗೆಯವರು ಹದಿನಾರರವರ ಬಗ್ಗೆ ಗೊಣಗುತ್ತಿದ್ದಾರೆ. ಆಸ್ಟ್ರಿಯಾ ದೇಶ 2007ರಲ್ಲೇ ಆ ವಯಸ್ಸಿಗೆ ಮತಾಧಿಕಾರ ಕೊಟ್ಟಿತು. ತಮಿಳು ಆಡಬಲ್ಲ, ಓದಲಾರದ ನಮ್ಮ ತಾಯಿಯವರಿಗೆ ಅಭ್ಯರ್ಥಿಗಳ ಕರಪತ್ರಗಳನ್ನು ಕನ್ನಡದಲ್ಲಿ ವಿವರಿಸುವವಳು ತಮ್ಮನ ಹದಿನಾರರ ಮಗಳು. ಅವಳ ಮಾತು ನಂಬಿ ಅಜ್ಜಿ ಒತ್ತಿದ ಮತ ಸಿಂಧು. ಅವಳೇ ಒತ್ತಿದರೆ ಅಸಿಂಧುವೇ? 326ನೇ ವಿಧಿಯನ್ನು ಇನ್ನೊಮ್ಮೆ ತಿದ್ದಲಿ.