ಆ ಸರಪಳಿ ಬಿಚ್ಚಿ

2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಗರಿಯ ಚಪ್ಪರಕ್ಕೆ ಬೆಂಕಿ ಬಿತ್ತು. ಒಳಗಿದ್ದವರಿಗೆ ಓಡಲಾಗಲಿಲ್ಲ, ಕಾಲಿಗೆ ಸರಪಳಿಯಿತ್ತು. ಸತ್ತವರು 28 ಮಂದಿ. ಅವರನ್ನು ಅಲ್ಲಿ ಬಿಟ್ಟುಬಂದವರು ಕಟುಕರಲ್ಲ. ಅಲ್ಲಿನ ದರ್ಗಾದ ನೆರಳಲ್ಲಿ ಗುಣವಾದೀತು ಎಂದು ನಂಬಿದ, ನಮ್ಮ ನಿಮ್ಮಂಥ ಮನೆಮಂದಿ.

ನಮ್ಮ ಮನೆಗಳಲ್ಲಿ ಈ ಕಾಯಿಲೆ ಹೇಗೆ ಶುರುವಾಗುತ್ತದೆ? ಡಿಗ್ರಿ ಓದುವ ಹುಡುಗ ರಾತ್ರಿಯೆಲ್ಲ ಎದ್ದಿರುತ್ತಾನೆ. ಸ್ನಾನ ಬಿಡುತ್ತಾನೆ. ಟಿವಿಯವರು ತನ್ನ ಸುದ್ದಿಯನ್ನೇ ಹೇಳುತ್ತಿದ್ದಾರೆಂದು ಟಿವಿ ಆರಿಸುತ್ತಾನೆ. ಅವ್ವ ಬಡಿಸಿದ ಮುದ್ದೆಯಲ್ಲಿ ವಿಷವಿದೆಯೆಂದು ತಟ್ಟೆ ಸರಿಸುತ್ತಾನೆ. ಯಾರೂ ಇಲ್ಲದ ಕೋಣೆಯಲ್ಲಿ ಅವನಿಗೆ ಬೈಗುಳ ಕೇಳಿಸುತ್ತದೆ, ಪಕ್ಕದಲ್ಲೇ ನಿಂತು ಬೈದಷ್ಟು ಸ್ಪಷ್ಟವಾಗಿ. ಡಾಕ್ಟರುಗಳು ಇದನ್ನು ಸೈಕೋಸಿಸ್, ಚಿತ್ತವಿಕಲತೆ ಎನ್ನುತ್ತಾರೆ. ‘ಏನೂ ಇಲ್ಲ, ಸುಮ್ನಿರೋ’ ಎಂದು ನಾವು ಗದರಿದರೆ ಸಂಚಿನಲ್ಲಿ ನಾವೂ ಸೇರಿದೆವೆಂದೇ ಅವನ ಲೆಕ್ಕ. ವಾದ ಬೇಡ. ‘ಹೆದರಿಕೆ ಆಗ್ತಿದೆ ಅಲ್ವೇನಪ್ಪ, ನಾನೂ ಬರ್ತೀನಿ, ಡಾಕ್ಟರ ಹತ್ರ ಹೋಗೋಣ’ ಎನ್ನಿ.

ನಾವು ಮಾಡುವುದೇ ಬೇರೆ. ಗಾಳಿ ಸೋಕಿದೆ ಎನ್ನುತ್ತೇವೆ, ತಾಯತ ಕಟ್ಟಿಸುತ್ತೇವೆ. ‘ಒಂದು ಮದುವೆ ಮಾಡಿ, ಸರಿಹೋಗ್ತಾನೆ’ ಎನ್ನುವ ಸೋದರಮಾವ ಎಲ್ಲಿದ್ದರೂ ಬಂದೇ ಬರುತ್ತಾನೆ. (ಕಟ್ಟಿಕೊಂಡು ಬರುವವಳನ್ನು ಕೇಳಿದವರು ಯಾರು?) ಇಷ್ಟರಲ್ಲಿ ವರ್ಷ ಉರುಳಿರುತ್ತದೆ, ತಡವಾದಷ್ಟೂ ಚೇತರಿಕೆ ಕಷ್ಟ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನ ಚಿಕಿತ್ಸೆಯಿಂದ ದೂರವೇ ಉಳಿದಿದ್ದರು.

ಹರಕೆ ಹೊರಬೇಡಿ ಎನ್ನುತ್ತಿಲ್ಲ. ಹೊತ್ತುಕೊಳ್ಳಿ, ಅದೇ ವಾರ ಆಸ್ಪತ್ರೆಗೂ ಕರೆದೊಯ್ಯಿರಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಹಳ್ಳಿಯ ರೋಗಿಗಳನ್ನು ಅವರ ಊರಲ್ಲೇ ನೋಡಿಕೊಂಡಾಗ ಮತ್ತೆ ದುಡಿಮೆಗೆ ಇಳಿದವರಿದ್ದಾರೆ. ಮಾತ್ರೆಯಿಂದ ಮೊದಮೊದಲು ತೂಕಡಿಕೆ ಬರಬಹುದು, ಕೈ ನಡುಗಬಹುದು. ಅವನನ್ನು ಸೋಮಾರಿ ಎಂದು ಚುಚ್ಚದೆ ಡಾಕ್ಟರಿಗೆ ತಿಳಿಸಿ. ಹುಷಾರಾದನೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಇನ್ನು ಹಿತ್ತಿಲ ಕೋಣೆಯಲ್ಲಿ ಯಾರನ್ನಾದರೂ ಕಟ್ಟಿಹಾಕಿದ್ದರೆ, ಮರ್ಯಾದೆಯ ಮಾತು ಆಮೇಲಿರಲಿ, ಮೊದಲು ಬಿಚ್ಚಿ. ಮನೋರೋಗಿಗೆ ಯಾವ ರೂಪದಲ್ಲೂ ಸರಪಳಿ ಹಾಕಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳಿದೆ. ಅಂಥ ಕೋಣೆ ನಿಮ್ಮ ಬೀದಿಯಲ್ಲಿದ್ದರೆ ಇವತ್ತು ಸಂಜೆಯೇ ಹೋಗಿ ಆ ಮನೆಯ ತಾಯಿಯ ಹತ್ತಿರ ಕೂತುಕೊಳ್ಳಿ. ಫೋನಿನಲ್ಲಿ 14416 ಒತ್ತಿ ಅವರ ಕೈಗೆ ಕೊಡಿ. ಅದು ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೇಕಿಲ್ಲ. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.