ನಾಣ್ಯದ ಮೇಲಿನ ಮುಖ ಯಾರದು?

ಬೆಳ್ಳಿಯದೊಂದು ಪುರಾತನ ನಾಣ್ಯ. ಮುಂಬದಿಯಲ್ಲಿ ಗಡ್ಡಮೀಸೆಗಳಿಲ್ಲದ ತರುಣನೊಬ್ಬನ ಮುಖ. ಅವನ ತಲೆಯನ್ನು ಸಿಂಹದ ಚರ್ಮ ಮುಚ್ಚಿದೆ; ಬಾಯ್ದೆರೆದ ಸಿಂಹದ ದವಡೆಯೊಳಗಿನಿಂದ ಆ ಮುಖ ಹೊರಗೆ ಇಣುಕುತ್ತದೆ. ಹಿಂಬದಿಯಲ್ಲಿ ಪೀಠಸ್ಥನಾದ ದೇವ. ಒಂದು ಕೈಯಲ್ಲಿ ಹದ್ದು, ಇನ್ನೊಂದರಲ್ಲಿ ದಂಡ. ಪಕ್ಕದಲ್ಲಿ ಗ್ರೀಕ್ ಅಕ್ಷರಗಳಲ್ಲಿ 'ಅಲೆಗ್ಸಾಂಡರನ' ಎಂದು ಷಷ್ಠೀ ವಿಭಕ್ತಿಯಲ್ಲಿ ಬರೆದಿದೆ. ನೋಡಿದವರು ಕೂಡಲೆ, ಜಗಜ್ಜೇತನಾದ ಅಲೆಗ್ಸಾಂಡರನ ಮುಖವೇ ಇದು ಎಂದು ನಿರ್ಣಯಿಸಿಬಿಡುತ್ತಾರೆ. ನಾಣ್ಯ ಅವನದೇ ಸರಿ. ಮುಖ ಮಾತ್ರ ಅವನದಲ್ಲ.

ಅದು ಗ್ರೀಕ್ ಪುರಾಣದ ಮಹಾವೀರ ಹೆರಾಕ್ಲೀಸನ ಮುಖ. ನೆಮಿಯದ ಸಿಂಹವನ್ನು ಬರಿಗೈಯಿಂದ ಕೊಂದು, ಅದರ ಚರ್ಮವನ್ನೇ ಹೊದ್ದು ತಿರುಗಿದವನು ಅವನು. ಮ್ಯಾಸಿಡೋನಿಯದ ಅರಸರು ತಮ್ಮನ್ನು ಅವನ ವಂಶಜರೆಂದು ಹೇಳಿಕೊಳ್ಳುತ್ತಿದ್ದರು. ಅಲೆಗ್ಸಾಂಡರನು ಪಟ್ಟವೇರುವುದಕ್ಕೆ ಮೊದಲೇ ಅವನ ಪೂರ್ವಿಕರ ನಾಣ್ಯಗಳಲ್ಲಿ ಈ ಸಿಂಹಚರ್ಮಧಾರಿ ಇದ್ದಾನೆ. ಅಲೆಗ್ಸಾಂಡರನದೇ ಮುಖ ಬೇಕಾದವರು, ಅವನ ಮರಣಾನಂತರ ಥ್ರೇಸ್ ದೇಶವನ್ನಾಳಿದ ಲೈಸಿಮಾಕಸನ ನಾಣ್ಯಗಳನ್ನು ನೋಡಬೇಕು. ಅಲ್ಲಿ ಅವನ ಕಿವಿಯ ಬಳಿ ಟಗರಿನ ಕೊಂಬು ಸುರುಳಿಯಾಗಿ ಬಾಗಿದೆ; ಅವನು ಅಮ್ಮೋನ್ ದೇವನ ಮಗನೆಂಬುದಕ್ಕೆ ಅದು ಗುರುತು.

ಆದುದರಿಂದ ಗ್ರೀಕ್ ನಾಣ್ಯವನ್ನು ಗುರುತಿಸಹೊರಟವರು ಮುಖಕ್ಕಿಂತ ಮೊದಲು ಲಾಂಛನವನ್ನು ನೋಡಬೇಕು. ಈ ಕ್ರಮ ಕನ್ನಡ ನಾಡಿನವರಿಗೆ ಹೊಸದೇನಲ್ಲ. ಗುಡಿಯ ಗೋಡೆಯ ಮೇಲಿನ ವಿಗ್ರಹ ಎಷ್ಟೇ ಸವೆದಿರಲಿ, ಶಂಖಚಕ್ರಗಳು ಕಂಡರೆ ವಿಷ್ಣುವೆಂದೂ ಡಮರು ತ್ರಿಶೂಲಗಳು ಕಂಡರೆ ಶಿವನೆಂದೂ ಮನೆಯ ಮಕ್ಕಳೂ ಹೇಳಬಲ್ಲರು. ಗ್ರೀಕ್ ದೇವತೆಗಳಿಗೂ ಇಂತಹ ಗುರುತುಗಳುಂಟು. ಹದ್ದು ಮತ್ತು ಸಿಡಿಲು ದೇವರಾಜನಾದ ಸ್ಯೂಸನವು. ಶಿರಸ್ತ್ರಾಣ ಮತ್ತು ಗೂಬೆ ಅಥೀನಾ ದೇವಿಯವು. ಆದರೆ ಅಲ್ಲಿ ತ್ರಿಶೂಲ ಹಿಡಿದವನು ಶಿವನಂಥವನಲ್ಲ, ಸಮುದ್ರದ ಒಡೆಯ ಪೊಸೈಡನ್!

ಲಾಂಛನವೊಂದೇ ಸಾಲದು. ಶಿರಸ್ತ್ರಾಣ ಧರಿಸಿದ ಅಥೀನಾ ಅಥೆನ್ಸಿನ ನಾಣ್ಯದಲ್ಲಿಯೂ ಇದ್ದಾಳೆ, ಕೊರಿಂತ್ ನಗರದ ನಾಣ್ಯದಲ್ಲಿಯೂ ಇದ್ದಾಳೆ. ಮಗುಚಿ ನೋಡಿದರೆ ಮಾತ್ರ ಊರು ತಿಳಿಯುತ್ತದೆ. ಗೂಬೆ, ಆಲಿವ್ ಚಿಗುರು ಮತ್ತು ಊರ ಹೆಸರಿನ ಮೊದಲ ಮೂರಕ್ಷರಗಳಿದ್ದರೆ ಅಥೆನ್ಸ್. ರೆಕ್ಕೆಯ ಕುದುರೆ ಪೆಗಾಸಸ್ ಇದ್ದರೆ ಕೊರಿಂತ್. ಅಲ್ಲಿಯೂ ಆತುರ ಸಲ್ಲದು. ಕೊರಿಂತಿನ ವಸಾಹತುಗಳೂ ಅದೇ ಕುದುರೆಯನ್ನು ಅಚ್ಚೊತ್ತಿದವು. ಕುದುರೆಯ ಹೊಟ್ಟೆಯ ಕೆಳಗಿನ ಪುಟ್ಟ ಅಕ್ಷರವೊಂದೇ ತಾಯಿನಗರವನ್ನೂ ಮಗಳೂರುಗಳನ್ನೂ ಬೇರ್ಪಡಿಸುತ್ತದೆ.

ಹೆಸರನ್ನು ಓದಿದ ಮೇಲೂ ಕಾಲ ನಿಶ್ಚಯವಾಗದಿರಬಹುದು. ಅಲೆಗ್ಸಾಂಡರ್ ತೀರಿಕೊಂಡದ್ದು ಕ್ರಿ. ಪೂ. ೩೨೩ರಲ್ಲಿ. ಅವನ ಹೆಸರಿನ ಬೆಳ್ಳಿ ನಾಣ್ಯಕ್ಕೆ ಪೇಟೆಯಲ್ಲಿ ಎಷ್ಟು ನಂಬಿಕೆಯಿತ್ತೆಂದರೆ, ಆಮೇಲೆ ಎರಡು ಶತಮಾನಗಳಿಗೂ ಮಿಕ್ಕಿ ಹಲವು ನಗರಗಳು ಅದನ್ನು ಅಚ್ಚು ಹಾಕುತ್ತಲೇ ಬಂದವು. ಸ್ಯೂಸನ ಪೀಠದ ಸುತ್ತಲಿರುವ ಸಣ್ಣ ಸಣ್ಣ ಗುರುತುಗಳಿಂದ ವಿದ್ವಾಂಸರು ಟಂಕಸಾಲೆಯನ್ನೂ ಕಾಲವನ್ನೂ ಊಹಿಸುತ್ತಾರೆ.

ಇಷ್ಟೊಂದು ಎಚ್ಚರಿಕೆ ಏತಕ್ಕೆಂದು ಕೇಳಬಹುದು. ಭಾರತದ ವಾಯವ್ಯ ಸೀಮೆಯನ್ನಾಳಿದ ಗ್ರೀಕ್ ಅರಸರಲ್ಲಿ ಬಹುಮಂದಿಯ ಹೆಸರು ಉಳಿದಿರುವುದೇ ನಾಣ್ಯಗಳಲ್ಲಿ. ಅಂಥವರಲ್ಲೊಬ್ಬ ಅಗಾಥೊಕ್ಲೀಸ್. ೧೯೭೦ರಲ್ಲಿ ಆಫ್ಘಾನಿಸ್ತಾನದ ಐ-ಖಾನೂಮ್ ಎಂಬಲ್ಲಿ ಫ್ರೆಂಚ್ ಉತ್ಖನನಕಾರರಿಗೆ ಅವನ ಆರು ಚೌಕನೆಯ ಬೆಳ್ಳಿ ನಾಣ್ಯಗಳು ದೊರೆತವು. ಒಂದು ಬದಿಯ ದೇವನ ಕೈಯಲ್ಲಿ ನೇಗಿಲು, ಇನ್ನೊಂದು ಬದಿಯವನ ಕೈಯಲ್ಲಿ ಚಕ್ರ. ಬಲರಾಮ, ಕೃಷ್ಣ! ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ದೊರೆಯೊಬ್ಬನು ಯಾದವ ಸೋದರರನ್ನು ತನ್ನ ನಾಣ್ಯಕ್ಕೆ ಕರೆತಂದಿದ್ದನೆಂಬುದು ಆ ನೇಗಿಲು ಚಕ್ರಗಳಿಂದ ತಿಳಿಯಿತು.

ಅದೇ ಅರಸನ ನಾಣ್ಯಗಳಲ್ಲಿ ಒಂದು ಬದಿಗೆ ಗ್ರೀಕ್, ಇನ್ನೊಂದು ಬದಿಗೆ ಬ್ರಾಹ್ಮಿ. ಎರಡರಲ್ಲಿಯೂ ಅವನದೇ ಹೆಸರು. ೧೮೩೬ರಲ್ಲಿ ಕ್ರಿಶ್ಚಿಯನ್ ಲಾಸೆನ್ ಎಂಬ ವಿದ್ವಾಂಸನು, ಗೊತ್ತಿದ್ದ ಗ್ರೀಕ್ ಹೆಸರನ್ನು ಎದುರಿಗಿಟ್ಟುಕೊಂಡು ಗೊತ್ತಿಲ್ಲದ ಬ್ರಾಹ್ಮಿಯ ಕೆಲವು ಅಕ್ಷರಗಳನ್ನು ಗುರುತಿಸಿದನು. ಮರುವರ್ಷ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಪೂರ್ತಿಯಾಗಿ ಬಿಡಿಸಿದನು. ಅಶೋಕನ ಶಾಸನಗಳು ಮಾತನಾಡತೊಡಗಿದವು. ಇಂದಿನ ಕನ್ನಡ ಅಕ್ಷರಗಳ ಮೂಲವೂ ಆ ಬ್ರಾಹ್ಮಿಯೇ.

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಮಾಸಿದ ನಾಣ್ಯವೊಂದು ಸಿಕ್ಕಿದರೆ, ಹಿತ್ತಾಳೆಯ ಪಾತ್ರೆಯಂತೆ ಅದಕ್ಕೂ ಹುಣಿಸೆಹಣ್ಣು ಹಚ್ಚಿ ಉಜ್ಜುವುದು ಹಲವರ ವಾಡಿಕೆ. ಹುಳಿ ಲೋಹದ ಮೈಯನ್ನು ತಿನ್ನುತ್ತದೆ. ಮೊದಲು ಹೋಗುವುದು ಅಂಚಿನ ಸಣ್ಣ ಅಕ್ಷರಗಳು. ಅಗಾಥೊಕ್ಲೀಸನ ನಾಣ್ಯವನ್ನು ಯಾರಾದರೂ ಹೀಗೆ ಬೆಳಗಿದ್ದರೆ ಬೆಳ್ಳಿ ಹೊಳೆಯುತ್ತಿತ್ತು. ಅರಸನ ಹೆಸರು ಉಳಿಯುತ್ತಿರಲಿಲ್ಲ. ಹಳೆಯ ನಾಣ್ಯ ಯಾವುದೇ ಆಗಲಿ, ಉಜ್ಜದೆ, ಕಾಗದದಲ್ಲಿ ಸುತ್ತಿ, ತಿಳಿದವರಿಗೆ ತೋರಿಸುವುದು ಲೇಸು.