ಮೂತ್ರಪಿಂಡದ ಸಂಸ್ಕಾರ

ಕಳೆದ ಮಾಸದಲ್ಲಿ ನನ್ನ ಮೂತ್ರಪರೀಕ್ಷೆಯಾದಾಗ ಆಲ್ಬುಮಿನ್ ಎಂಬ ಸಸಾರಜನಕವು ಸ್ವಲ್ಪಮಟ್ಟಿಗೆ ಕಂಡುಬಂದಿತು. ಮಧುಮೇಹವು ನನ್ನನ್ನು ಹಿಡಿದು ಹನ್ನೆರಡು ವರ್ಷಗಳಾದುವು. ಮೊದಲ ಏಳು ವರ್ಷ, ಶಾಲೆಯ ಕೆಲಸದ ನೆವದಿಂದ, ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಈಚಿನ ಐದು ವರ್ಷ ಪಥ್ಯವೂ ಔಷಧವೂ ತಪ್ಪಿಲ್ಲ. ಹಾಗಿರಲು ಈಗೇಕೆ ಈ ದಂಡನೆಯೆಂದು ಜೀವಶಾಸ್ತ್ರವನ್ನೋದಿದ ನನ್ನ ಮಗಳನ್ನು ಕೇಳಿದೆನು. “ಅಪ್ಪಾ, ನೀವು ಮರೆತರೂ ಜೀವಕೋಶ ಮರೆಯುವುದಿಲ್ಲ” ಎಂದಳು.

ವಿಷಯವೇನೆಂದರೆ, ನಮ್ಮ ದೇಹದ ಬಹುತೇಕ ಎಲ್ಲ ಕೋಶಗಳಲ್ಲಿಯೂ ಸುಮಾರು 20,000 ವಂಶವಾಹಿಗಳುಳ್ಳ ಒಂದೇ ಗ್ರಂಥವಿರುತ್ತದೆ. ಕಣ್ಣಿನ ಕೋಶವು ಕೆಲವು ಪತ್ರಗಳನ್ನೂ ಮೂತ್ರಪಿಂಡದ ಕೋಶವು ಬೇರೆ ಕೆಲವನ್ನೂ ಪಠಿಸುವುದು. ಈ ಪಠನಕ್ಕೇ ಅಭಿವ್ಯಕ್ತಿಯೆಂದು ಹೆಸರು. ಒಂದೊಂದು ಮೂತ್ರಪಿಂಡದಲ್ಲಿ ಹತ್ತು ಲಕ್ಷದಷ್ಟು ಜರಡಿಗಳಿವೆ. ಎರಡೂ ಕೂಡಿ ದಿನಕ್ಕೆ ಸುಮಾರು 180 ಲೀಟರು ಸೋಸುವುವು. ಜರಡಿಗೆ ಕಾಲುಚಾಚಿ ಅಪ್ಪಿಕೊಂಡಿರುವ ಪೊಡೋಸೈಟ್ ಕೋಶಗಳು ನೆಫ್ರಿನ್ ಎಂಬ ದ್ರವ್ಯದಿಂದ ಅದರ ಸಂದುಗಳನ್ನು ಹೆಣೆದಿರುತ್ತವೆ. ರಕ್ತದಲ್ಲಿ ಸಕ್ಕರೆಯು ಬಹುಕಾಲ ಮಿಕ್ಕರೆ ನೆಫ್ರಿನ್ನಿನ ಪಾಠವು ಕ್ಷೀಣಸ್ವರದ್ದಾಗುತ್ತದೆ, ಟಿ.ಜಿ.ಎಫ್.-ಬೀಟಾ ಎಂಬುದರ ಪಾಠವೋ ತಾರಸ್ವರಕ್ಕೇರುತ್ತದೆ. ಅದರಿಂದ ನಾರು ಬೆಳೆದು ಜರಡಿಯು ಗಡುಸಾಗಿ, ಉಳಿಯಬೇಕಾದ ಆಲ್ಬುಮಿನ್ ಸೋರಿಹೋಗುವುದು. 2019ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನ ವಿದ್ವಾಂಸರು ಮೂವರು ಮಧುಮೇಹಿಗಳ ಮತ್ತು ಮೂವರು ಇತರರ ಮೂತ್ರಪಿಂಡಗಳಿಂದ ಸುಮಾರು 24,000 ಕೋಶಕೇಂದ್ರಗಳನ್ನು ಒಂದೊಂದಾಗಿ ಓದಿ, ರೋಗದ ಆರಂಭದಲ್ಲಿಯೇ ಪಠನವು ವ್ಯತ್ಯಾಸವಾಗಿರುವುದನ್ನು ಕಂಡರು.

ಇನ್ನು ಮಗಳ ಮಾತಿಗೆ ಬರೋಣ. ಅಮೆರಿಕ, ಕೆನಡಾಗಳಲ್ಲಿ 1983ರಿಂದ 1993ರವರೆಗೆ, ಇನ್ಸುಲಿನ್ನೇ ಗತಿಯಾದ 1,441 ಮಧುಮೇಹಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಮಾತ್ರ ಬಿಗಿಯಾದ ಚಿಕಿತ್ಸೆಯನ್ನಿತ್ತರು. ತರುವಾಯ ಎರಡರ ಸಕ್ಕರೆಯೂ ಬಹುಮಟ್ಟಿಗೆ ಸಮನಾಯಿತು. ಆದರೂ ಮೊದಲೇ ಬಿಗಿಯಾಗಿದ್ದವರಲ್ಲಿ ಮೂತ್ರಪಿಂಡದ ಶಕ್ತಿಗುಂದುವ ಅಪಾಯವು ಅರ್ಧದಷ್ಟೇ ಎಂದು 2011ರಲ್ಲಿ ಪ್ರಕಟವಾಯಿತು. ಹಳೆಯ ಸಕ್ಕರೆಯು ವಂಶವಾಹಿಗಳ ಮೇಲೆ ರಾಸಾಯನಿಕ ಚಿಹ್ನೆಗಳನ್ನು ಬಿಟ್ಟುಹೋಗುವುದು ಇದಕ್ಕೊಂದು ಕಾರಣವೆನ್ನುತ್ತಾರೆ. ಸ್ಮೃತಿಗೆ ಸಂಸ್ಕಾರವೇ ಕಾರಣವೆಂದ ನಮ್ಮ ತಾರ್ಕಿಕರಿಗೆ ಇದು ಹೊಸತಾಗಿ ತೋರುತ್ತಿರಲಿಲ್ಲವೇನೋ! ಈಗಿನ ಶಿಸ್ತು ವ್ಯರ್ಥವಲ್ಲ, ಸೋರಿಕೆಯನ್ನು ತಗ್ಗಿಸುವ ಮಾತ್ರೆಗಳೂ ಇವೆ ಎಂದು ವೈದ್ಯರು ಧೈರ್ಯ ಹೇಳಿದ್ದಾರೆ. ಆ ಏಳು ವರ್ಷಗಳು ಮಾತ್ರ ಹಿಂದಿರುಗುವುದಿಲ್ಲ.

ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕನು ಪ್ರಮೇಹದ ಪೂರ್ವಲಕ್ಷಣಗಳಲ್ಲಿ ಎಣಿಸಿದ್ದಾನೆ. ಆಲ್ಬುಮಿನ್ನಿಗೆ ಅಂತಹ ದೂತರಿಲ್ಲ, ನೋವೂ ಇಲ್ಲ, ಪರೀಕ್ಷೆಯೊಂದೇ ದಾರಿ. ಚನ್ನಗಿರಿಯಲ್ಲಿ ಅಡಕೆ ತೋಟವಿರುವ ನನ್ನ ತಮ್ಮನಿಗೆ ಹೋದ ವರ್ಷ ಇದೇ ರೋಗವು ಗೊತ್ತಾಯಿತು. “ಕೊಯ್ಲು ಮುಗಿಯಲಿ ಅಣ್ಣಾ” ಎನ್ನುತ್ತಲೇ ಇದ್ದಾನೆ. ನಾಳೆ ಮೊದಲ ಬಸ್ಸಿಗೆ ಸಾಸ್ವೆಹಳ್ಳಿಯಿಂದ ಹೊರಟು, ಅವನನ್ನು ತೋಟದಿಂದಲೇ ಕರೆದೊಯ್ಯಬೇಕೆಂದಿದ್ದೇನೆ.